ಬಿಲ್ಡ್ ಆಯಿತು, ಕೆಲಸ ಆಗಲಿಲ್ಲ

ವಿಂಡೋಸ್ ಪ್ರೋಗ್ರಾಮು ಬರೆಯುವ ವಿಷುಯಲ್ ಸ್ಟುಡಿಯೊದ ಔಟ್‌ಪುಟ್ ಕಿಟಕಿಯಲ್ಲಿ ‘1 ಸಕ್ಸೀಡೆಡ್, 0 ಫೇಲ್ಡ್’ ಎಂಬ ಸಾಲು ಮೂಡಿತೆಂದರೆ ಪ್ರೋಗ್ರಾಮು ಸಿದ್ಧವಾಯಿತೆಂದು ಬಹಳಷ್ಟು ಜನ ಭಾವಿಸುತ್ತಾರೆ. ಅಸಲಿ ಪರೀಕ್ಷೆ ಆರಂಭವಾಗುವುದೇ ಅಲ್ಲಿಂದ. ಬರೆದವರ ಕಂಪ್ಯೂಟರಿನಲ್ಲಿ ತಿಂಗಳುಗಟ್ಟಲೆ ಚೆನ್ನಾಗಿ ಓಡಿದ ಪ್ರೋಗ್ರಾಮು ಗಿರಾಕಿಯ ಕಂಪ್ಯೂಟರಿಗೆ ಹೋದ ಮರುದಿನ ಬೆಳಗಾವಿಯಿಂದ ಫೋನು ಬರುತ್ತದೆ: ‘ಸರ್, ಇದು ಓಪನ್ನ ಆಗವಲ್ದ್ರೀ.’

ಹಿಂಜವಾಡಿಯ ಐಟಿ ಕಟ್ಟಡಗಳಲ್ಲಿ ಇಂಥ ಫೋನು ಎತ್ತಿಕೊಳ್ಳುವ ಕನ್ನಡಿಗರು ಬೇಕಾದಷ್ಟು ಮಂದಿ ಇದ್ದಾರೆ. ಪುಣೆಯ ಪಶ್ಚಿಮಕ್ಕೆ ಮುಳಶಿ ತಾಲ್ಲೂಕಿನಲ್ಲಿದ್ದ ಈ ಹಳ್ಳಿಯ ಸುತ್ತ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಕಟ್ಟಿದ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್ ಈಗ ಮೂರು ಹಂತಗಳಲ್ಲಿ ಹರಡಿಕೊಂಡಿದೆ. ಇನ್ಫೋಸಿಸ್, ವಿಪ್ರೊ, ಟಿಸಿಎಸ್‌ಗಳ ಜೊತೆಗೆ ಸಣ್ಣಪುಟ್ಟ ಕಂಪನಿಗಳೂ ಇಲ್ಲಿವೆ. ಬೆಳಗಾವಿ, ವಿಜಯಪುರ, ಕಲಬುರಗಿಯವರಿಗೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ಹಾಗಾಗಿ ವಾಕಡ್ ಸೇತುವೆಯ ಬಳಿ ರಾತ್ರಿ ಬಸ್ಸಿನಿಂದ ಇಳಿದು ಬೆಳಿಗ್ಗೆ ಕೆಲಸಕ್ಕೆ ಹಾಜರಾಗುವ ಎಂಜಿನಿಯರುಗಳಲ್ಲಿ ಕನ್ನಡ ಮಾತು ಕೇಳಿಸುವುದು ಅಪರೂಪವಲ್ಲ.

ಎಲ್ಲವೂ ಮೊಬೈಲಿಗೂ ಕ್ಲೌಡಿಗೂ ಹೋಗಿರುವಾಗ ವಿಂಡೋಸ್ ಡೆಸ್ಕ್‌ಟಾಪಿನ ಚಿಂತೆ ಯಾಕೆ ಎಂದು ಕೇಳುವವರಿದ್ದಾರೆ. ಅವರು ಭೋಸರಿ, ಚಾಕಣದ ಬಿಡಿಭಾಗ ಕಾರ್ಖಾನೆಗಳಿಗೋ ಬೆಳಗಾವಿಯ ಉದ್ಯಮಬಾಗಿನ ಫೌಂಡ್ರಿಗಳಿಗೋ ಒಮ್ಮೆ ಹೋಗಬೇಕು. ತೂಕದ ಯಂತ್ರ, ಬಾರ್‌ಕೋಡ್ ಪ್ರಿಂಟರ್, ಸಿಎನ್‌ಸಿ ಯಂತ್ರಗಳ ಪಕ್ಕದಲ್ಲಿ ಕೂತಿರುವುದು ವಿಂಡೋಸ್ ಕಂಪ್ಯೂಟರೇ. ಇಂಟರ್ನೆಟ್ ಹೋದರೂ ಅಲ್ಲಿ ಕೆಲಸ ನಿಲ್ಲುವಂತಿಲ್ಲ. ದೇಶದ ಅಂಗಡಿ ಲೆಕ್ಕಗಳನ್ನು ಹೊತ್ತಿರುವ, ಬೆಂಗಳೂರಿನ ಟ್ಯಾಲಿ ಕೂಡ ಇವತ್ತಿಗೂ ವಿಂಡೋಸ್ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡಿಕೊಂಡು ಬಳಸುವ ತಂತ್ರಾಂಶ.

ತೊಂದರೆಗಳ ಪೈಕಿ ಮೊದಲ ಸಾಲಿನಲ್ಲಿ ನಿಲ್ಲುವುದು ಕಾಣೆಯಾದ ಡಿಎಲ್‌ಎಲ್, ಅಂದರೆ ಪ್ರೋಗ್ರಾಮು ಓಡಲು ಬೇಕಾದ ಲೈಬ್ರರಿ ಫೈಲು. ‘ವಿಸಿರನ್‌ಟೈಮ್140.ಡಿಎಲ್‌ಎಲ್ ವಾಸ್ ನಾಟ್ ಫೌಂಡ್’ ಎಂಬ ಪೆಟ್ಟಿಗೆಯನ್ನು ನೋಡದ ವಿಂಡೋಸ್ ಬಳಕೆದಾರರು ಕಡಿಮೆ. ವಿಷುಯಲ್ ಸ್ಟುಡಿಯೊದ ಸಿ++ನಲ್ಲಿ ಬರೆದ ಪ್ರೋಗ್ರಾಮು ಓಡಲು ಸಾಮಾನ್ಯವಾಗಿ ಮೈಕ್ರೋಸಾಫ್ಟಿನ ರನ್‌ಟೈಮ್ ಲೈಬ್ರರಿ ಬೇಕು. ಬರೆದವರ ಕಂಪ್ಯೂಟರಿಗೆ ಅದು ವಿಷುಯಲ್ ಸ್ಟುಡಿಯೊ ಜೊತೆಗೇ ಬಂದಿರುತ್ತದೆ, ಗಿರಾಕಿಯ ಕಂಪ್ಯೂಟರಿನಲ್ಲಿ ಇರಲೇಬೇಕೆಂದಿಲ್ಲ. ಫೈಲಿನ ಹೆಸರೇ ಸುಳಿವು ಕೊಡುತ್ತದೆ. ಎಂಎಸ್‌ವಿಸಿಆರ್100 ಎಂದಿದ್ದರೆ ವಿಷುಯಲ್ ಸ್ಟುಡಿಯೊ 2010, ಎಂಎಸ್‌ವಿಸಿಆರ್120 ಎಂದಿದ್ದರೆ 2013. 140 ಎಂದಿದ್ದರೆ 2015 ಅಥವಾ ಅದರ ನಂತರದ್ದು. 2015, 2017, 2019, 2022 ಈ ನಾಲ್ಕಕ್ಕೂ ಆ ಲೈಬ್ರರಿಯನ್ನು ಹಾಕಿಕೊಡುವ ಒಂದೇ ರೀಡಿಸ್ಟ್ರಿಬ್ಯೂಟಬಲ್ ಪ್ಯಾಕೇಜು ಸಾಕು. ಆದರೆ ಅದು ಪ್ರೋಗ್ರಾಮು ಕಟ್ಟಿದ ಆವೃತ್ತಿಗಿಂತ ಹಳೆಯದಾಗಿರಬಾರದು.

ಹೆಸರಿನ ಕೊನೆಯಲ್ಲಿ ‘ಡಿ’ ಅಕ್ಷರ ಇದ್ದರೆ ಕಥೆ ಬೇರೆ. ‘ವಿಸಿರನ್‌ಟೈಮ್140ಡಿ’ ಬೇಕೆಂದು ಕೇಳುತ್ತಿದೆಯೆಂದರೆ ರಿಲೀಸ್ ಬದಲು ಡೀಬಗ್ ಬಿಲ್ಡನ್ನೇ ಗಿರಾಕಿಗೆ ಕಳಿಸಲಾಗಿದೆ. ಆ ಲೈಬ್ರರಿಯನ್ನು ಹಂಚಲು ಲೈಸೆನ್ಸ್ ಬಿಡುವುದಿಲ್ಲ. ರಿಲೀಸ್ ಬಿಲ್ಡ್ ಮಾಡಿ ಕಳಿಸುವುದೇ ಪರಿಹಾರ. ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಕಾಣೆಯಾದ ಡಿಎಲ್‌ಎಲ್ ಹೆಸರನ್ನು ಗೂಗಲಿಗೆ ಕೊಟ್ಟು, ಸಿಕ್ಕಿದ ಕಡೆಯಿಂದ ಇಳಿಸಿಕೊಂಡು ಸಿಸ್ಟಮ್32ಕ್ಕೆ ಹಾಕುವ ರೂಢಿ ಬಹಳ ಕಡೆ ಇದೆ. ಇದು ಅಪಾಯ. ಆ ಫೈಲಿನೊಳಗೆ ಏನಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ.

ಡಾಟ್‌ನೆಟ್ ಪ್ರೋಗ್ರಾಮುಗಳದ್ದೂ ಹೆಚ್ಚು ಕಡಿಮೆ ಇದೇ ಹಾಡು. ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್ 4.8 ವಿಂಡೋಸ್ 10ರ 2019ರ ಮೇ ಆವೃತ್ತಿಯಿಂದ ವಿಂಡೋಸ್ ಒಳಗೇ ಇದೆ. ಆಮೇಲಿನ ಡಾಟ್‌ನೆಟ್ 8 ಹಾಗಲ್ಲ, ಅದನ್ನು ಬೇರೆಯಾಗಿ ಹಾಕಬೇಕು. ಅಲ್ಲೂ ‘ರನ್‌ಟೈಮ್’ ಬೇರೆ, ‘ಡೆಸ್ಕ್‌ಟಾಪ್ ರನ್‌ಟೈಮ್’ ಬೇರೆ. ಕಿಟಕಿ, ಬಟನ್ನುಗಳಿರುವ ಪ್ರೋಗ್ರಾಮಿಗೆ ಎರಡನೆಯದೇ ಬೇಕು. ಮೊದಲನೆಯದನ್ನಷ್ಟೇ ಹಾಕಿಕೊಂಡು ವಿನ್‌ಫಾರ್ಮ್ಸ್ ಪ್ರೋಗ್ರಾಮು ಯಾಕೆ ಏಳುತ್ತಿಲ್ಲವೆಂದು ತಲೆ ಕೆಡಿಸಿಕೊಂಡವರು ಎಷ್ಟೋ ಜನ. ಇದಕ್ಕೆ ಪರ್ಯಾಯವೂ ಇದೆ. ಮದುವೆ ಮನೆಗೆ ಹೊರಟ ಅಡುಗೆ ಭಟ್ಟರು ಕೊಪ್ಪರಿಗೆ, ಸೌಟು, ಜಾಲರಿ ಎಲ್ಲವನ್ನೂ ತಮ್ಮ ಗಾಡಿಯಲ್ಲೇ ಒಯ್ಯುವಂತೆ, ಪ್ರೋಗ್ರಾಮಿನ ಜೊತೆಗೇ ರನ್‌ಟೈಮನ್ನೂ ಕಟ್ಟಿ ಕಳಿಸಬಹುದು. ಅದಕ್ಕೆ ‘ಸೆಲ್ಫ್ ಕಂಟೇನ್ಡ್’ ಎನ್ನುತ್ತಾರೆ. ಗಾತ್ರ ನೂರು ಎಂಬಿ ದಾಟುವುದುಂಟು, ಮೈಕ್ರೋಸಾಫ್ಟ್ ಭದ್ರತಾ ತಿದ್ದುಪಡಿ ಬಿಟ್ಟಾಗಲೆಲ್ಲ ಮತ್ತೆ ಕಟ್ಟಿ ಕಳಿಸುವ ಹೊಣೆಯೂ ಬೀಳುತ್ತದೆ. ಇಂಟರ್ನೆಟ್ ಇಲ್ಲದ ಕಾರ್ಖಾನೆಗೆ ಮಾತ್ರ ಇದೇ ಸರಿಯಾದ ದಾರಿ.

ಎರಡನೆಯ ದೊಡ್ಡ ಗೋಜಲು 32 ಬಿಟ್ ಮತ್ತು 64 ಬಿಟ್‌ನದು. ಪ್ರೋಗ್ರಾಮು 64 ಬಿಟ್‌ನದಾಗಿ, ಅದಕ್ಕೆ ಸಿಕ್ಕ ಡಿಎಲ್‌ಎಲ್ 32 ಬಿಟ್‌ನದಾದರೆ 0ಎಕ್ಸ್‌ಸಿ000007ಬಿ ಎಂಬ ಸಂಖ್ಯೆ ಹೇಳಿ ವಿಂಡೋಸ್ ಬಾಗಿಲು ಹಾಕುತ್ತದೆ. 64 ಬಿಟ್ ವಿಂಡೋಸಿನಲ್ಲಿ ಸಿಸ್ಟಮ್32 ಎಂಬ ಫೋಲ್ಡರಿನಲ್ಲಿರುವುದು 64 ಬಿಟ್ ಫೈಲುಗಳು, ಸಿಸ್‌ವಾವ್64 ಎಂಬುದರಲ್ಲಿರುವುದು 32 ಬಿಟ್ ಫೈಲುಗಳು. ಹೆಸರು ನೋಡಿ ಫೈಲು ಹಾಕಿದವರು ದಾರಿ ತಪ್ಪುವುದು ಸಹಜ. ಎಕ್ಸೆಲ್ ಹಾಳೆ ಓದುವ ಪ್ರೋಗ್ರಾಮುಗಳಲ್ಲಿ ಇದೇ ತೊಂದರೆ ಬೇರೆ ವೇಷದಲ್ಲಿ ಬರುತ್ತದೆ. ಗಿರಾಕಿಯ ಆಫೀಸ್ 32 ಬಿಟ್‌ನದು, ಅದರೊಡನೆ ಬಂದ ಏಸ್ ಡೇಟಾಬೇಸ್ ಪ್ರೊವೈಡರೂ 32 ಬಿಟ್‌ನದು. ಪ್ರೋಗ್ರಾಮು 64 ಬಿಟ್ ಆಗಿ ಎದ್ದು ಅದನ್ನು ಹುಡುಕಿ, ‘ಪ್ರೊವೈಡರ್ ಇಸ್ ನಾಟ್ ರಿಜಿಸ್ಟರ್ಡ್ ಆನ್ ದಿ ಲೋಕಲ್ ಮಷೀನ್’ ಎಂದು ಕೈಚೆಲ್ಲುತ್ತದೆ. ಅಂಥಲ್ಲಿ ಬಿಲ್ಡ್ ಸೆಟ್ಟಿಂಗನ್ನು ‘ಎನಿ ಸಿಪಿಯು’ ಬಿಟ್ಟು ‘ಎಕ್ಸ್86’ಕ್ಕೆ ಬದಲಿಸಿದರೆ ಸಾಕು.

ಸಂದೇಶದ ಪೆಟ್ಟಿಗೆಯೇ ಬಾರದೆ ಪ್ರೋಗ್ರಾಮು ಮೌನವಾಗಿ ಸತ್ತರೆ ಹೇಗೆ? ಮೊದಲು ಈವೆಂಟ್ ವ್ಯೂವರ್ ತೆರೆಯಬೇಕು. ವಿಂಡೋಸ್ ಲಾಗ್ಸ್ ಅಡಿಯ ‘ಅಪ್ಲಿಕೇಶನ್’ ಪಟ್ಟಿಯಲ್ಲಿ ಕೆಂಪು ಗುರುತಿನ ಸಾಲು ಹುಡುಕಬೇಕು. 1000 ಸಂಖ್ಯೆಯ ‘ಅಪ್ಲಿಕೇಶನ್ ಎರರ್’ ಇದ್ದರೆ ಯಾವ ಮಾಡ್ಯೂಲಿನಲ್ಲಿ ಬಿತ್ತೆಂದು ಅಲ್ಲೇ ಬರೆದಿರುತ್ತದೆ. 1026 ಸಂಖ್ಯೆಯ ‘ಡಾಟ್‌ನೆಟ್ ರನ್‌ಟೈಮ್’ ಇದ್ದರೆ ಎಕ್ಸೆಪ್ಶನ್ನಿನ ಹೆಸರೇ ಸಿಗುತ್ತದೆ. ಸಾಕಷ್ಟು ಪ್ರಕರಣಗಳು ಇಲ್ಲೇ ಇತ್ಯರ್ಥವಾಗುತ್ತವೆ.

ಆಗದಿದ್ದರೆ ಪ್ರೊಸೆಸ್ ಮಾನಿಟರ್. ಮಾರ್ಕ್ ರಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಕಟ್ಟಿದ ಸಿಸ್‌ಇಂಟರ್ನಲ್ಸ್ ಸಲಕರಣೆಗಳಲ್ಲಿ ಇದು ಮುಕುಟ. 2006ರಲ್ಲಿ ಮೈಕ್ರೋಸಾಫ್ಟ್ ಅವರ ಕಂಪನಿಯನ್ನೇ ಕೊಂಡಿತು, ಸಲಕರಣೆಗಳು ಈಗಲೂ ಉಚಿತ. ಒಂದು ಪ್ರೋಗ್ರಾಮು ಯಾವ ಫೈಲು ತೆರೆಯಿತು, ಯಾವ ರಿಜಿಸ್ಟ್ರಿ ಕೀ ಓದಿತು ಎಂಬುದನ್ನೆಲ್ಲ ಇದು ಕ್ಷಣಕ್ಷಣಕ್ಕೂ ಬರೆದಿಡುತ್ತದೆ. ತೆರೆದ ಕೂಡಲೇ ಸಾಲುಗಳು ಲಕ್ಷಗಟ್ಟಲೆ ಹರಿಯುವುದರಿಂದ ಹೊಸಬರು ಬೆದರುತ್ತಾರೆ. ಫಿಲ್ಟರಿನಲ್ಲಿ ನಮ್ಮ ಪ್ರೋಗ್ರಾಮಿನ ಹೆಸರು ಕೊಟ್ಟು, ಪಾತ್ ‘.ಡಿಎಲ್‌ಎಲ್’ನಿಂದ ಮುಗಿಯಬೇಕೆಂದು ಸೇರಿಸಿದರೆ ನೂರಿನ್ನೂರು ಸಾಲಿಗೆ ಇಳಿಯುತ್ತದೆ. ಅದರಲ್ಲಿ ‘ನೇಮ್ ನಾಟ್ ಫೌಂಡ್’ ಎಂದಿರುವುದೆಲ್ಲ ತಪ್ಪಲ್ಲ. ವಿಂಡೋಸ್ ಮೊದಲು ಪ್ರೋಗ್ರಾಮಿನ ಫೋಲ್ಡರಿನಲ್ಲಿ, ಆಮೇಲೆ ಸಿಸ್ಟಮ್ ಫೋಲ್ಡರಿನಲ್ಲಿ, ಕೊನೆಗೆ ಪಾತ್ ಪಟ್ಟಿಯಲ್ಲಿರುವ ಫೋಲ್ಡರುಗಳಲ್ಲಿ ಹುಡುಕುತ್ತ ಹೋಗುವುದರಿಂದ ಒಂದೆರಡು ಕಡೆ ಸಿಗದಿರುವುದು ಮಾಮೂಲು. ಯಾವ ಹೆಸರಿಗೆ ಕೊನೆಯವರೆಗೂ ‘ಸಕ್ಸೆಸ್’ ಬರಲೇ ಇಲ್ಲ, ಯಾವ ಹೆಸರು ಹುಡುಕಿದ ಮರುಗಳಿಗೆಯೇ ಪ್ರೋಗ್ರಾಮು ಮುಚ್ಚಿತು ಎಂಬುದನ್ನು ನೋಡಬೇಕು. ಕಳ್ಳ ಅಲ್ಲಿರುತ್ತಾನೆ. ಈ ಪಟ್ಟಿ ಓದಲು ಕಲಿತ ಎಂಜಿನಿಯರು ಊಹೆಯ ಮೇಲೆ ರೀಇನ್‌ಸ್ಟಾಲ್ ಮಾಡುವುದನ್ನು ಬಿಟ್ಟುಬಿಡುತ್ತಾನೆ.

ಇನ್ನು ಅನುಮತಿಯ ವಿಷಯ. 2007ರಲ್ಲಿ ವಿಸ್ತಾ ಬಂದಾಗಿನಿಂದ, ಅಡ್ಮಿನಿಸ್ಟ್ರೇಟರ್ ಅನುಮತಿ ಕೊಡದೆ ತೆರೆದ ಪ್ರೋಗ್ರಾಮು ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿಗೆ ಬರೆಯುವಂತಿಲ್ಲ. ಹಳೆಯ 32 ಬಿಟ್ ಪ್ರೋಗ್ರಾಮು ಬರೆಯಲು ಹೊರಟರೆ ವಿಂಡೋಸ್ ಆ ಫೈಲನ್ನು ಸದ್ದಿಲ್ಲದೆ ‘ವರ್ಚುಯಲ್‌ಸ್ಟೋರ್’ ಎಂಬ ಖಾಸಗಿ ಫೋಲ್ಡರಿಗೆ ತಿರುಗಿಸುತ್ತದೆ. ಆಗ ಬೆಳಗಿನ ಪಾಳಿಯವರು ಬದಲಿಸಿದ ಸೆಟ್ಟಿಂಗು ಬೇರೆ ಲಾಗಿನ್ನಿನಲ್ಲಿ ಬಂದ ರಾತ್ರಿ ಪಾಳಿಯವರಿಗೆ ಕಾಣುವುದೇ ಇಲ್ಲ. ಬರೆದವರು ವಿಷುಯಲ್ ಸ್ಟುಡಿಯೊವನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯುವುದರಿಂದ ಅವರಿಗೆ ಇದರ ಸುಳಿವೇ ಸಿಗದು. ಎಲ್ಲರಿಗೂ ಬೇಕಾದ ಡೇಟಾ ಪ್ರೋಗ್ರಾಮ್‌ಡೇಟಾದಲ್ಲಿ, ಒಬ್ಬರದು ಆಪ್‌ಡೇಟಾದಲ್ಲಿ ಇರಬೇಕು.

ದಿನಾಂಕದ ದೋಷ ಇನ್ನೂ ಮೋಸದ್ದು. ಭಾರತದ ಸೆಟ್ಟಿಂಗಿನಲ್ಲಿ ಮೊದಲು ದಿನ, ಆಮೇಲೆ ತಿಂಗಳು. ಅಮೆರಿಕದ ಸೆಟ್ಟಿಂಗಿನಲ್ಲಿ ತಿರುಗಾಮುರುಗಾ. ಅಂಗಡಿಯವರು ವಿಂಡೋಸ್ ಹಾಕುವಾಗ ಅಮೆರಿಕದ ಸೆಟ್ಟಿಂಗ್ ಬಿಟ್ಟುಹೋಗಿದ್ದರೆ, ತಿಂಗಳ 12ನೇ ತಾರೀಖಿನವರೆಗೆ ಪ್ರೋಗ್ರಾಮು ಬಾಯಿ ಬಿಡದೆ ತಪ್ಪು ದಿನಾಂಕ ಬರೆದುಕೊಳ್ಳುತ್ತದೆ. 13ರಂದು ಹದಿಮೂರನೇ ತಿಂಗಳು ಎಲ್ಲಿದೆ ಎಂದು ನಿಂತುಬಿಡುತ್ತದೆ. ಫೋನು ಬರುವುದು ಆವತ್ತು. ಅಷ್ಟರೊಳಗೆ ಹನ್ನೊಂದು ದಿನದ ದಾಖಲೆ ಕೆಟ್ಟಿರುತ್ತದೆ, ದಿನ ಮತ್ತು ತಿಂಗಳು ಒಂದೇ ಸಂಖ್ಯೆಯಾಗಿರುವ ಒಂದು ದಿನದ್ದು ಮಾತ್ರ ಉಳಿಯುತ್ತದೆ.

ಕನ್ನಡ ಬಳಸುವ ತಂತ್ರಾಂಶಗಳಿಗೆ ಮೇಲಿನದೆಲ್ಲದರ ಜೊತೆಗೆ ಇನ್ನೊಂದು, ಅಕ್ಷರದ ಹೊರೆ ಇದೆ. ಅದನ್ನು ಹೊತ್ತದ್ದರಲ್ಲಿ ಪುಣೆಯ ಪಾಲೂ ಇದೆ. ಕರ್ನಾಟಕದ ಭೂದಾಖಲೆಗಳ ‘ಭೂಮಿ’ ಯೋಜನೆ ಇದಕ್ಕೆ ದೊಡ್ಡ ಉದಾಹರಣೆ. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, 15 ರೂಪಾಯಿ ಶುಲ್ಕಕ್ಕೆ ರೈತರ ಕೈಗೆ ಮುದ್ರಿತ ಪ್ರತಿ ಕೊಟ್ಟ ಆ ತಂತ್ರಾಂಶವನ್ನು ಕೇಂದ್ರ ಸರ್ಕಾರದ ಎನ್‌ಐಸಿ ವಿಷುಯಲ್ ಬೇಸಿಕ್ ಮತ್ತು ಎಸ್‌ಕ್ಯುಎಲ್ ಸರ್ವರ್ ಬಳಸಿ ಕಟ್ಟಿತ್ತು. ಆಗಿನ ವಿಂಡೋಸ್ ಎನ್‌ಟಿಗೆ ಕನ್ನಡ ಬರುತ್ತಿರಲಿಲ್ಲ. ಕನ್ನಡವನ್ನು ಒದಗಿಸಿದ್ದು, 1988ರಲ್ಲಿ ಪುಣೆಯಲ್ಲಿ ಶುರುವಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಡ್ಯಾಕ್‌ನ ಜಿಸ್ಟ್ ತಂತ್ರಜ್ಞಾನ. ತಾಲ್ಲೂಕು ತಾಲ್ಲೂಕಿಗೂ ಪ್ರೋಗ್ರಾಮಿನ ಜೊತೆ ಅಕ್ಷರವನ್ನೂ ಹೊತ್ತೊಯ್ಯಬೇಕಾಗಿದ್ದ ಕಾಲ ಅದು. ಮನೆ ಮನೆಯ ಕಂಪ್ಯೂಟರಿಗೆ ಆ ಕೆಲಸವನ್ನು ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮಾಡಿದವು.

2001ರ ವಿಂಡೋಸ್ ಎಕ್ಸ್‌ಪಿ ಜೊತೆ ‘ತುಂಗಾ’ ಎಂಬ ಕನ್ನಡ ಫಾಂಟ್ ಬಂತು. ಬಹಳಷ್ಟು ಪ್ರೋಗ್ರಾಮುಗಳು ಆ ಹೆಸರನ್ನು ಕೋಡಿನಲ್ಲೇ ಬರೆದಿಟ್ಟುಕೊಂಡವು. ವಿಂಡೋಸ್ 8ರಿಂದ ‘ನಿರ್ಮಲಾ ಯುಐ’ ಮುಂದೆ ಬಂತು. ವಿಂಡೋಸ್ 10ರಲ್ಲಿ ತುಂಗಾ ಐಚ್ಛಿಕ ಫಾಂಟುಗಳ ಪಟ್ಟಿಗೆ ಸರಿಯಿತು, ಎಲ್ಲ ಕಂಪ್ಯೂಟರುಗಳಲ್ಲೂ ತಾನಾಗಿ ಇರುವುದಿಲ್ಲ. ಹೊಸ ಕಂಪ್ಯೂಟರಿನಲ್ಲಿ ಹಳೆಯ ಪ್ರೋಗ್ರಾಮು ತೆರೆದರೆ ಅಕ್ಷರದ ಅಳತೆ ಬದಲಾಗಿ, ‘ಜಿಲ್ಲೆ’ಯ ಕೆಳಗಿನ ಒತ್ತು ಪೆಟ್ಟಿಗೆಯ ಅಂಚಿಗೆ ಸಿಕ್ಕಿ ಕತ್ತರಿಸಿಹೋಗಬಹುದು. ಮೈಕ್ರೋಸಾಫ್ಟಿನ ಫಾಂಟನ್ನು ಇನ್‌ಸ್ಟಾಲರಿನಲ್ಲಿ ಹಾಕಿ ಹಂಚುವಂತಿಲ್ಲ. ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟನ್ನು ಪ್ರೋಗ್ರಾಮಿನ ಜೊತೆ ಕೊಡುವುದು ಸರಿಯಾದ ಕ್ರಮ.

ಹೆಸರಿನ ಸಂಕಟವೂ ಇದೆ. ವಿಂಡೋಸಿನಲ್ಲಿ ಖಾತೆಯ ಹೆಸರನ್ನು ‘ಮಂಜುನಾಥ’ ಎಂದು ಕನ್ನಡದಲ್ಲೇ ಕೊಟ್ಟರೆ ಬಳಕೆದಾರನ ಫೋಲ್ಡರಿಗೂ ಅದೇ ಹೆಸರು ಬೀಳುತ್ತದೆ. ಯುನಿಕೋಡ್ ಅರಿಯದ ಹಳೆಯ ಪ್ರೋಗ್ರಾಮಿಗೆ ಅದು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ವಿಂಡೋಸಿನ ಫೈಲು ಹೆಸರಿನಲ್ಲಿ ಆ ಚಿಹ್ನೆ ನಿಷಿದ್ಧ, ಹಾಗಾಗಿ ಫೈಲು ತೆರೆಯುವುದೇ ಇಲ್ಲ. ವಿಂಡೋಸ್ 10ರ 2019ರ ಮೇ ಆವೃತ್ತಿಯಿಂದ ಈಚೆಗೆ, ಪ್ರೋಗ್ರಾಮಿನ ಮ್ಯಾನಿಫೆಸ್ಟ್ ಫೈಲಿಗೆ ಯುಟಿಎಫ್-8 ಎಂದು ಒಂದು ಸಾಲು ಸೇರಿಸಿ ಇದನ್ನು ಸರಿಪಡಿಸಬಹುದು. ತನ್ನ ಹೆಸರನ್ನು ತನ್ನ ಭಾಷೆಯಲ್ಲಿ ಬರೆದುಕೊಂಡವನಿಗೆ ತಂತ್ರಾಂಶ ಕೈಕೊಡಬಾರದು. ಕನ್ನಡದ ಎಂಜಿನಿಯರುಗಳು ಇದನ್ನು ಪರೀಕ್ಷಿಸದಿದ್ದರೆ ಬೇರೆ ಯಾರೂ ಪರೀಕ್ಷಿಸುವುದಿಲ್ಲ.

ಇಷ್ಟೆಲ್ಲ ತೊಂದರೆಗಳ ಬೇರು ಒಂದೇ: ಪ್ರೋಗ್ರಾಮನ್ನು ಬರೆದ ಕಂಪ್ಯೂಟರಿನಲ್ಲೇ ಪರೀಕ್ಷಿಸಿ ಕಳಿಸುವುದು. ವಿಂಡೋಸ್ ಪ್ರೊ ಆವೃತ್ತಿಯಲ್ಲಿ ಸ್ಯಾಂಡ್‌ಬಾಕ್ಸ್ ಎಂಬ ಸೌಲಭ್ಯವಿದೆ. ತೆರೆದಾಗಲೆಲ್ಲ ಹೊಚ್ಚಹೊಸ ವಿಂಡೋಸ್ ಕಾಣಿಸುತ್ತದೆ, ಮುಚ್ಚಿದರೆ ಎಲ್ಲ ಅಳಿಸಿಹೋಗುತ್ತದೆ. ಕಾಣೆಯಾದ ಡಿಎಲ್‌ಎಲ್‌ಗಳನ್ನು ಅದು ಕೂಡಲೇ ಹಿಡಿದುಕೊಡುತ್ತದೆ. ಆದರೆ ಅದರೊಳಗಿನ ಬಳಕೆದಾರ ಅಡ್ಮಿನಿಸ್ಟ್ರೇಟರ್ ಆಗಿರುವುದರಿಂದ ಅನುಮತಿಯ ದೋಷ ಅಲ್ಲಿ ಸಿಗದು. ಅದಕ್ಕೆ ಸಾಮಾನ್ಯ ಬಳಕೆದಾರನ ಖಾತೆಯಿರುವ ಒಂದು ವರ್ಚುಯಲ್ ಮಷೀನ್ ಬೇಕು. ಅದರಲ್ಲೊಂದು ಕನ್ನಡ ಹೆಸರಿನ ಖಾತೆ, ಅಮೆರಿಕದ ದಿನಾಂಕದ ಸೆಟ್ಟಿಂಗು ಇರಲಿ. ಹಿಂಜವಾಡಿಯ ತಂಡದ ಮುಖ್ಯಸ್ಥರು ಪ್ರತಿ ಬಿಡುಗಡೆಗೆ ಮುನ್ನ ಇದಕ್ಕಾಗಿ ಒಂದು ಪೂರ್ತಿ ದಿನವನ್ನು ವೇಳಾಪಟ್ಟಿಯಲ್ಲೇ ಬರೆದಿಡಬೇಕು.

ಬಳಕೆದಾರರಲ್ಲೂ ಒಂದು ವಿನಂತಿ. ಪ್ರೋಗ್ರಾಮು ಏಳದಿದ್ದಾಗ ‘ಓಪನ್ ಆಗ್ತಿಲ್ಲ’ ಎಂದಷ್ಟೇ ಹೇಳಬೇಡಿ. ಪರದೆಯ ಮೇಲಿನ ಸಂದೇಶವನ್ನು ಸಂಖ್ಯೆ ಸಮೇತ ಪೂರ್ತಿ ಕಾಣುವಂತೆ ಫೋಟೊ ತೆಗೆಯಿರಿ. ವಿಂಡೋಸ್ ಕೀಲಿಯ ಜೊತೆ ‘ಆರ್’ ಒತ್ತಿ ‘ವಿನ್‌ವರ್’ ಎಂದು ಟೈಪ್ ಮಾಡಿದರೆ ವಿಂಡೋಸಿನ ಆವೃತ್ತಿ ಬರುತ್ತದೆ, ಅದರದ್ದೂ ಒಂದು ಫೋಟೊ ಇರಲಿ. ಈ ಎರಡನ್ನೂ ಕಳಿಸಿದರೆ ಆ ತುದಿಯಲ್ಲಿರುವವರಿಗೆ ಎಲ್ಲಿಂದ ಹುಡುಕಬೇಕೆಂದು ತಿಳಿಯುತ್ತದೆ.