ಇಲಿಕಿವಿಯ ಗುರುತು

ಶಿರಾಡಿ ಘಾಟಿಯನ್ನಿಳಿದು ಬಂದ ಹೆದ್ದಾರಿಯಿಂದ ಸುಬ್ರಹ್ಮಣ್ಯದ ದಾರಿ ಕವಲೊಡೆಯುವ ಗುಂಡ್ಯದಲ್ಲಿ, ಮಳೆ ಹಿಂದೆಗೆದರೂ ನೆಲದ ತೇವವಿನ್ನೂ ಆರದ ದಿನಗಳಲ್ಲಿ, ಪಥಿಕನ ದೃಷ್ಟಿ ಕುಮಾರಧಾರೆಯನ್ನರಸಿ ಹರಿಯುವ ಹೊಳೆಯ ಕಡೆಗೂ ಕಾಡಿನ ಮಹಾವೃಕ್ಷಗಳ ಕಡೆಗೂ ಹೋಗುವುದು ಸಹಜವೇ. ಆದರೆ ಅವನ ಪಾದದ ಬಳಿಯಲ್ಲಿಯೇ, ಮೊಣಕಾಲೆತ್ತರವನ್ನು ಅಪರೂಪಕ್ಕೆ ಮೀರುವ ಇಲಿಕಿವಿ, ನೇರಿಳೆ ಬಣ್ಣದ ಕಿರುಕುಚ್ಚುಗಳನ್ನು ಹೊತ್ತು ನಿಂತಿರುತ್ತದೆ.

ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಈ ಏಕವಾರ್ಷಿಕದಲ್ಲಿ ನಾವು ಹೂವೆಂದು ಕರೆಯುವುದು ಹತ್ತಾರು ಕಿರುಹೂಗಳ ಸಭೆ. ಸೂರ್ಯಕಾಂತಿಯ ಅಂಚಿನಲ್ಲಿರುವಂಥ ಪಟ್ಟಿಯೆಸಳುಗಳು ಇದಕ್ಕಿಲ್ಲ. ಸಹದೇವಿಗೂ, ಅಮೆರಿಕ ಖಂಡದಿಂದ ಬಂದು ನಮ್ಮ ತೋಟಗಳನ್ನೆಲ್ಲ ವ್ಯಾಪಿಸಿದ ಅಜೆರಾಟಮಿಗೂ ಇದೇ ವರ್ಣಚ್ಛಾಯೆಯಿರುವುದರಿಂದ, ಬಣ್ಣವನ್ನು ನಂಬಿದವನು ಮೋಸಹೋಗುವನು. ಎದುರುಬದುರಾಗಿ ಹೊರಟ ರೋಮಶ ಎಲೆಗಳೂ ಹಿಸುಕಿದಾಗಿನ ಕಟುಗಂಧವೂ ಅಜೆರಾಟಮನ್ನು ಮೊದಲೇ ಬೇರ್ಪಡಿಸುತ್ತವೆ. ಉಳಿದೆರಡನ್ನು ನಿರ್ಣಯಿಸುವುದಕ್ಕೆ ಹೂಗೊಂಚಲಿನ ಕೆಳಗಿನ ಹಸುರು ಬಟ್ಟಲನ್ನು ಪರೀಕ್ಷಿಸಬೇಕು: ಸಹದೇವಿಯಲ್ಲಿ ಅದು 4–5 ಮಿಲಿಮೀಟರಿನಷ್ಟಿದ್ದು, ಹೆಂಚು ಹೊದಿಸಿದಂತೆ ಹಲವು ಸಾಲು ಚಿಪ್ಪುಗಳಿಂದ ಕೂಡಿದೆ, ಇಲಿಕಿವಿಯಲ್ಲಿಯಾದರೋ ಅದರ ಇಮ್ಮಡಿ ಉದ್ದದ ಕೊಳವೆ, ಸಮಾನವಾದ ಪಟ್ಟಿಗಳ ಒಂದೇ ಸಾಲು. ಮೇಲಣ ಎಲೆಗಳು ತೊಟ್ಟಿಲ್ಲದೆ ಕಾಂಡವನ್ನು ಕಿವಿಗಳಂತೆ ತಬ್ಬಿಕೊಂಡಿದ್ದರೆ, ಅರಳುವ ಮೊದಲು ಮೊಗ್ಗುಗಳು ತಲೆಬಾಗಿದ್ದರೆ, ಸಂದೇಹಕ್ಕೆಡೆಯಿಲ್ಲ.

ಕನ್ನಡಕ್ಕೆ ಇಲಿಯ ಕಿವಿಯಾಗಿ ಕಂಡದ್ದು ಮಲಯಾಳಕ್ಕೆ ಮೊಲದ ಕಿವಿಯಾಗಿ ಕಂಡಿತು. ಕೇರಳೀಯರ ದಶಪುಷ್ಪಗಳಲ್ಲಿ ಮುಯಲ್‌ಚೆವಿಯನ್ ಎಂಬ ಹೆಸರಿನ ಇದಕ್ಕೂ, ಸಹದೇವಿಗೂ, ಗರುಗಕ್ಕೂ ಸ್ಥಾನವಿದೆ. ಮೂರೂ ಒಂದೇ ಕುಟುಂಬದವು. 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಪ್ರಕಟವಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥ ಈ ಗಿಡವನ್ನು ಅದರ ದೇಶೀಯ ನಾಮದೊಡನೆಯೇ ಚಿತ್ರಿಸಿತು. ಲಿನೇಯಸ್ 1753ರಲ್ಲಿ ಇದನ್ನು ಕಕಾಲಿಯ ಎಂಬ ಜಾತಿಯಲ್ಲಿಟ್ಟನು. ಇಂದಿನ ಶಾಸ್ತ್ರನಾಮ ಎಮಿಲಿಯ ಸೋಂಕಿಫೋಲಿಯ.

ಈ ಸೂಕ್ಷ್ಮ ವಿವೇಚನೆ ಕೇವಲ ಪಂಡಿತರ ವಿನೋದವೆಂದು ವಾಚಕರು ಭಾವಿಸಬಾರದು. ಇಲಿಕಿವಿಯಲ್ಲಿಯೂ ಅಜೆರಾಟಮಿನಲ್ಲಿಯೂ ಯಕೃತ್ತಿಗೆ ಹಾನಿಮಾಡಬಲ್ಲ ಕ್ಷಾರಸತ್ತ್ವಗಳಿರುವುದು ರಸಾಯನಶಾಸ್ತ್ರದಿಂದ ಸಿದ್ಧವಾಗಿದೆ. ಆದುದರಿಂದ ಬಣ್ಣವೊಂದನ್ನೇ ನೋಡಿ, ಸಹದೇವಿಯೆಂದು ಬಗೆದು, ಯಾವ ಗಿಡವನ್ನೂ ಕಷಾಯಕ್ಕೆ ಕಿತ್ತು ತರಬೇಡಿ. ಮೊದಲು ಬಗ್ಗಿ ಕುಳಿತು, ಹೂವಿನ ಕೆಳಗಿನ ಆ ಹಸುರು ಬಟ್ಟಲನ್ನು ನೋಡಿ.