ಸದನದಿಂದ ಪೀಠಕ್ಕೆ: ಓ'ಕಾನರ್ ತೀರ್ಪುಗಳ ಗಟ್ಟಿ ಮತ್ತು ಪೊಳ್ಳು

ಸಾಂಡ್ರಾ ಡೇ ಓ'ಕಾನರ್ ಎಂದೊಡನೆ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಎನ್ನುತ್ತೇವೆ. ಅವರ ತೀರ್ಪುಗಳನ್ನು ತೂಗಲು ಅಷ್ಟು ಸಾಲದು, ಅರಿಜೋನಾ ಸೆನೆಟ್‌ನಲ್ಲಿ ಅವರು ಕಳೆದ ವರ್ಷಗಳನ್ನೂ ನೋಡಬೇಕು. 1969ರಲ್ಲಿ ತೆರವಾದ ಸ್ಥಾನಕ್ಕೆ ನೇಮಕಗೊಂಡ ಅವರು 1973ರಲ್ಲಿ ಬಹುಮತ ಪಕ್ಷದ ನಾಯಕಿಯಾದರು. ಮರುವರ್ಷ ಜನರ ಮತ ಕೇಳಿಯೇ (ನಮಗಿದು ವಿಚಿತ್ರ) ಮರಿಕೋಪಾ ಕೌಂಟಿಯ ನ್ಯಾಯಾಧೀಶೆಯಾಗಿ ಗೆದ್ದರು. 1981ರಲ್ಲಿ ಅವರನ್ನು ಅಧ್ಯಕ್ಷ ರೇಗನ್ ಸುಪ್ರೀಂ ಕೋರ್ಟಿಗೆ ಹೆಸರಿಸಿದಾಗ ಅಮೆರಿಕದ ಸೆನೆಟ್ 99-0 ಮತಗಳಿಂದ ಒಪ್ಪಿತು.

ಶಾಸಕಿಯ ಕೈ ಎದ್ದು ಕಾಣುವುದು 1992ರ ಕೇಸಿ ಪ್ರಕರಣದಲ್ಲಿ. ನ್ಯಾಯಮೂರ್ತಿಗಳಾದ ಕೆನೆಡಿ, ಸೌಟರ್ ಜೊತೆ ಸೇರಿ ಅವರು ಪೆನ್ಸಿಲ್ವೇನಿಯಾದ ಗರ್ಭಪಾತ ಕಾಯ್ದೆಯನ್ನು, ಸಮಿತಿಯಲ್ಲಿ ಮಸೂದೆ ತಿದ್ದುವ ಹಾಗೆ, ಕಲಮು ಕಲಮಾಗಿ ಬಿಡಿಸಿದರು. 24 ಗಂಟೆ ಕಾಯಬೇಕೆಂಬ ಷರತ್ತು ಉಳಿಯಿತು, ಗಂಡನಿಗೆ ಮೊದಲೇ ತಿಳಿಸಬೇಕೆಂಬುದು ಬಿತ್ತು. ಇದು ನ್ಯಾಯದಾನವಲ್ಲ, ಚೌಕಾಸಿ ಎಂಬುದು ಟೀಕಾಕಾರರ ಆಕ್ಷೇಪ. ಅದು ಪೂರ್ತಿ ಸರಿಯಲ್ಲ. ಸಂವಿಧಾನದ ಕೆಲವು ಮಾತುಗಳೇ ಇಂಥ ಅಳತೆಯನ್ನು ಬೇಡುತ್ತವೆ: ಉದಾಹರಣೆಗೆ, ಪೊಲೀಸರ 'ಅಸಮಂಜಸ' ಶೋಧ ಕೂಡದೆಂದು ಸಂವಿಧಾನವೇ ಹೇಳಿದ ಮೇಲೆ, ಯಾವುದು ಸಮಂಜಸವೆಂದು ಅಳೆಯುವ ಹೊಣೆ ನ್ಯಾಯಾಧೀಶರದೇ. ಆದರೆ 2003ರ ಗ್ರಟರ್ ತೀರ್ಪಿಗೆ ಈ ಸಮರ್ಥನೆ ಒದಗದು. ವಿಶ್ವವಿದ್ಯಾಲಯ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸಬಹುದೆಂದ ಅವರು, 25 ವರ್ಷಗಳ ನಂತರ ಅದು ಬೇಕಾಗದೆಂಬ ನಿರೀಕ್ಷೆಯನ್ನೂ ಬರೆದರು. ಕಾಯ್ದೆಗೆ ಅವಧಿ ಹಾಕುವ ಶಾಸಕಿಗೆ ಇದು ಸಹಜ, ಸಂವಿಧಾನದಲ್ಲಿ ಮಾತ್ರ ಅಂಥ ಅಂಕಿಗೆ ಎಲ್ಲೂ ಆಧಾರವಿಲ್ಲ. 2023ರಲ್ಲಿ ಕೋರ್ಟು ಆ ಗಡುವಿಗೂ ಕಾಯಲಿಲ್ಲ.

ಪೀಠದ ಸದಸ್ಯರು ಬದಲಾದರು, ತೀರ್ಪು ಬಿತ್ತು, ಅದರಲ್ಲಿ ಅವರ ತಪ್ಪೇನು ಎನ್ನಬಹುದು. 2006ರಲ್ಲಿ ಅವರು ಬಿಟ್ಟ ಸ್ಥಾನಕ್ಕೆ ಬಂದ ಅಲಿಟೊ ಅವರೇ 2022ರಲ್ಲಿ ಕೇಸಿಯನ್ನು ರದ್ದುಮಾಡುವ ತೀರ್ಪು ಬರೆದದ್ದು ನಿಜ. ಆದರೆ ಅದೇ ಅಲಿಟೊ 2018ರಲ್ಲಿ ಕ್ರೀಡಾ ಬೆಟ್ಟಿಂಗ್ ಪ್ರಕರಣವನ್ನು ನಿರ್ಧರಿಸುವಾಗ ಓ'ಕಾನರ್ ಅವರ ಇನ್ನೊಂದು ತೀರ್ಪಿನ ಆಸರೆ ಪಡೆದರು. ವಿಕಿರಣಶೀಲ ತ್ಯಾಜ್ಯದ ಆ 1992ರ ಪ್ರಕರಣದಲ್ಲಿ, ಇಂಥ ಕಾನೂನು ಮಾಡಿ ಎಂದು ರಾಜ್ಯ ಶಾಸಕಾಂಗಕ್ಕೆ ಕೇಂದ್ರದ ಸಂಸತ್ತಾದ ಕಾಂಗ್ರೆಸ್ ಅಪ್ಪಣೆ ಕೊಡಕೂಡದೆಂದು ಅವರು ಬರೆದಿದ್ದರು. ಅಲ್ಲಿ ಅವರು ಮಧ್ಯದ ದಾರಿ ಹುಡುಕಲಿಲ್ಲ, ಮೇಲಿನವರು ಹೊರಿಸಿದ್ದಕ್ಕೆ ಕೆಳಗಿನ ಶಾಸಕರು ಮತದಾರರಿಂದ ಬೈಸಿಕೊಳ್ಳಬೇಕಾದ ಅನ್ಯಾಯವನ್ನು ತೋರಿಸಿದರು. ಸದನದ ತಿಳಿವಳಿಕೆ ಅವರ ತೀರ್ಪಿಗೆ ಬಲ ಕೊಟ್ಟಿತು, ಸದನದ ರಾಜಿ ಕೊಡಲಿಲ್ಲ. ಅವರು ನಿವೃತ್ತರಾದ ಮೇಲೆ, ಶಾಸಕರಾಗಿ ಚುನಾವಣೆ ಗೆದ್ದ ಒಬ್ಬರೂ ಆ ಪೀಠದಲ್ಲಿ ಕೂತಿಲ್ಲ. ಅದು ಕೋರ್ಟಿಗೇ ಆದ ನಷ್ಟ.