ತಲೆ ಮೇಲೆ ಇಟ್ಟ ಕೈ

2021ರ ಮೇ ತಿಂಗಳಲ್ಲಿ ಯಲಹಂಕದಲ್ಲಿ ನಮ್ಮ ದೊಡ್ಡಮ್ಮ ಕೊರೊನಾದಿಂದ ತೀರಿಕೊಂಡಳು. ಮೇಡಿ ಅಗ್ರಹಾರದ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿದ್ದ ಕಾಲ. ಬೀದಿಯ ಬಾಗಿಲೆಲ್ಲ ಮುಚ್ಚಿದ್ದವು. ನೆಂಟರಾದ ನಾವೂ ದೂರವೇ ನಿಂತೆವು. ಹೆಣ ಹೊತ್ತವರು ಅವಳು ಭಾನುವಾರ ಹೋಗುತ್ತಿದ್ದ ತಗಡಿನ ಚಾವಣಿಯ ಸಭೆಯ ನಾಲ್ಕು ಹುಡುಗರು. "ಸುಡೋದು ಬ್ಯಾಡಣ್ಣ, ಮಣ್ಣು ಮಾಡ್ಬೇಕು ಅಂತಿದ್ರು ಅಮ್ಮ" ಅಂತ ಜಾಗಕ್ಕಾಗಿ ದಿನವಿಡೀ ಅಲೆದರು. ಯೇಸು ಬರೋಕೆ ಮುಂಚೆಯೂ ನಮ್ಮ ಕೇರಿಯವರು ಸತ್ತವರನ್ನ ಮಣ್ಣೇ ಮಾಡ್ತಿದ್ದದ್ದು. ಇದೇನು ಪರದೇಶದ ಆಚಾರವಲ್ಲ.

ಆ ವರ್ಷ ನಾನು ತರಗತಿಯಲ್ಲಿ 'ಸಂಸ್ಕಾರ' ಪಾಠ ಮಾಡುತ್ತಿದ್ದೆ. 1965ರ ಆ ಕಾದಂಬರಿಯಲ್ಲಿ ನಾರಣಪ್ಪನ ಹೆಣಕ್ಕಾಗಿ ಇಡೀ ಅಗ್ರಹಾರ ಧರ್ಮಶಾಸ್ತ್ರ ತಿರುವುತ್ತದೆ. ಅದೇ ಮಾರಿಗೆ ಹೊಲೆಯರೂ ಸಾಯುತ್ತಾರೆ; ಅವರನ್ನು ಗುಡಿಸಲ ಸಮೇತ ಸುಟ್ಟದ್ದು ಒಂದೆರಡು ಮಾತಿನಲ್ಲಿ ಮುಗಿಯುತ್ತದೆ. ಪ್ರಾಣೇಶಾಚಾರ್ಯನ ಸಂದಿಗ್ಧವನ್ನು ನಮ್ಮ ವಿಮರ್ಶೆ ದಶಕಗಟ್ಟಲೆ ಚರ್ಚಿಸಿತು. ಉರಿಯುವ ಆ ಗುಡಿಸಲ ಮುಂದೆ ನಿಂತವರಿಗೆ ಯಾರ ಹೆಗಲು ಬೇಕಿತ್ತು ಎಂದು ಕೇಳದೆ ಮತಾಂತರದ ಬಗ್ಗೆ ಮಾತಾಡುವುದು ಬರೀ ಬಾಯಿಚಪಲ.

ಹಾಲಿನ ಪುಡಿಗಾಗಿ ಹೋದರು ಅನ್ನೋರ ಮಾತು ಇರಲಿ, ನಮ್ಮ ಕಥೆಯೇನು? ಅಂಬೇಡ್ಕರ್ 1956ರಲ್ಲಿ ಬೌದ್ಧರಾದದ್ದನ್ನು ವಿಚಾರವೆಂದು ಓದುವ ನಾವು ದೊಡ್ಡಮ್ಮನ ಪ್ರಾರ್ಥನೆಯನ್ನು ಮೌಢ್ಯ ಎಂದು ಬದಿಗಿಟ್ಟೆವು. ಅವಳ ಎದುರೇ ನಾನು ಹಾಗಂದಿದ್ದೆ. ಸಕ್ಕರೆ ಕಾಯಿಲೆಯ ಕಾಲು ಚಾಚಿಕೊಂಡು ಕೂತಿದ್ದವಳು, "ವಾಸಿ ಆಗ್ತದೋ ಇಲ್ವೋ, ತಲೆ ಮೇಲೆ ಕೈ ಇಡ್ತಾರಲ್ಲ ಮಗ" ಅಂದಳು. ಮೂವತ್ತು ವರ್ಷ ಕಂಡವರ ಮನೆಯ ಹಿತ್ತಿಲಲ್ಲೇ ಪಾತ್ರೆ ತೊಳೆದವಳು. ಮುಟ್ಟುವುದೇ ಮದ್ದಾಗುವ ಈ ಅನುಭವಕ್ಕೆ ನಮ್ಮ ವಿಮರ್ಶೆಯಲ್ಲಿ ಪರಿಭಾಷೆ ಇಲ್ಲ. 1981ರಲ್ಲಿ ಬೆಂಗಳೂರಿನದೇ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರದ ಚಿಂತನೆ ಬೆಳೆಯಿತು. ಕ್ರಿಸ್ತನನ್ನೇ ದಲಿತನೆಂದು ಕಂಡ ಚಿಂತನೆ ಅದು. ಅದರ ಜೊತೆ ನಾವು ಜಗಳವಾಡಿದ್ದೂ ಕಡಿಮೆ.

ಚರ್ಚುಗಳೇನೂ ಸಾಚಾ ಅಲ್ಲ. ತಿರುಚಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರೆ ಮಾಡಲು ಗೋಡೆಯನ್ನೇ ಎಬ್ಬಿಸಿದ್ದರು. ಇನ್ನು ಊರಿನ ವಿಷಯ. 2025ರ ಜನವರಿಯಲ್ಲಿ ಛತ್ತೀಸ್‌ಗಢದ ಬಸ್ತರಿನಲ್ಲಿ ಒಬ್ಬ ದಲಿತ ಪಾದ್ರಿಯನ್ನು ಸ್ವಂತ ಊರಲ್ಲಿ ಹೂಳಲು ಬಿಡಲಿಲ್ಲ. ಹೆಣ ಸುಮಾರು ಮೂರು ವಾರ ಶವಾಗಾರದಲ್ಲಿತ್ತು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲೂ ಒಮ್ಮತ ಬರಲಿಲ್ಲ. ಕೊನೆಗೆ ಇಪ್ಪತ್ತು ಕಿಲೋಮೀಟರಿಗೂ ಆಚೆಯ ಸ್ಮಶಾನ ತೋರಿಸಿದರು. ನಾರಣಪ್ಪನ ಹೆಣವೂ ಇಷ್ಟು ದಿನ ಕಾಯಲಿಲ್ಲ.

ಸತ್ತ ಮೇಲೂ ಜಾತಿಯ ಕಾಗದ ಬಿಡುವುದಿಲ್ಲ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಪಟ್ಟಿಗೆ ಧರ್ಮದ ಬೇಲಿ ಹಾಕಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ತೆರೆಯಿತು, ಕ್ರೈಸ್ತರಿಗೆ ಇಲ್ಲ. ದೊಡ್ಡಮ್ಮನಿಗೆ ಎರಡು ಹೆಸರು: ರೇಷನ್ ಕಾರ್ಡಿನಲ್ಲಿ ಊರಮ್ಮನದು, ಸಭೆಯಲ್ಲಿ ಬೈಬಲಿನದು. ಶಿಲುಬೆ ಮೇಲೆ ಯಾವುದನ್ನು ಬರೆಯಬೇಕು ಅಂತ ಹುಡುಗರು ಕೇಳಿದರು. ಮೊಮ್ಮಗನ ಸ್ಕಾಲರ್‌ಶಿಪ್ ನೆನಪಾಗಿ ಅಣ್ಣ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ತಾರೀಕು ಹಾಕ್ರಪ್ಪ, ಸಾಕು" ಅಂದ.